ಸಂಚಿಸ್ತನಿಗಳು

ಹೆಗ್ಗಣವನ್ನು ಕಾಣದ ಕನ್ನಡಿಗರು ವಿರಳ. ಶಿವಮೊಗ್ಗದ ಗಾಂಧಿಬಜಾರಿನ ದಿನಸಿ ಅಂಗಡಿಗಳಲ್ಲಿಯೂ ಭದ್ರಾವತಿಯ ಸುತ್ತಣ ಗದ್ದೆಗಳ ಬದುಗಳಲ್ಲಿಯೂ ಅದು ಬಿಲ ತೋಡಿಕೊಂಡು ನೆಮ್ಮದಿಯಾಗಿ ಬಾಳುತ್ತದೆ. ಇಂಗ್ಲಿಷರು ಈ ಪ್ರಾಣಿಯನ್ನು ‘ಬ್ಯಾಂಡಿಕೂಟ್’ ಎಂದು ಕರೆದರು. ಆ ಹೆಸರು ಅವರ ಭಾಷೆಯದಲ್ಲ. ಹಂದಿಯಿಲಿ ಎಂಬ ಅರ್ಥದ ತೆಲುಗಿನ ‘ಪಂದಿಕೊಕ್ಕು’ ಅವರ ನಾಲಗೆಯಲ್ಲಿ ಹಾಗೆ ಹೊರಳಿತು. ಮುಂದೆ ಆಸ್ಟ್ರೇಲಿಯದಲ್ಲಿ ನೆಲೆಯೂರಿದಾಗ, ಚೂಪು ಮೂತಿಯ, ನೆಲವನ್ನು ಕೆದಕಿ ಹುಳುಗಳನ್ನು ಹುಡುಕುವ ಅಂಥದೇ ಗಾತ್ರದ ಪ್ರಾಣಿಗಳನ್ನು ಕಂಡು ಅವಕ್ಕೂ ಅದೇ ಹೆಸರನ್ನು ಅಂಟಿಸಿದರು.

ಹೆಸರು ಒಂದಾದುದರಿಂದ ಕುಲವೂ ಒಂದಾಯಿತೆ? ಇಲ್ಲ. ವಂಶಾವಳಿಯನ್ನು ಹಿಡಿದು ನೋಡಿದರೆ ನಮ್ಮ ಹೆಗ್ಗಣವು ಸಕ್ರೆಬೈಲಿನ ಆನೆಗೆ ಹತ್ತಿರದ ನಂಟ. ಆಸ್ಟ್ರೇಲಿಯದ ಬ್ಯಾಂಡಿಕೂಟಿಗೆ ಬಹು ದೂರದವ. ಇಲಿಯನ್ನೂ ಆನೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಇಲಿಯಂತೆ ಕಾಣುವ ಪ್ರಾಣಿಯನ್ನು ಬೇರೆ ಪಂಕ್ತಿಗೆ ಕಳುಹಿಸುವ ಈ ವರ್ಗೀಕರಣಕ್ಕೆ ಆಧಾರವೇನು? ಆ ಬೇರೆ ಪಂಕ್ತಿಯವು ನಮ್ಮ ಪಂಕ್ತಿಯವಕ್ಕಿಂತ ಕೀಳೆಂಬ, ಪಠ್ಯಪುಸ್ತಕಗಳಲ್ಲಿ ಬಹುಕಾಲ ನಿಂತುಬಂದ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಮೂರು ಕವಲುಗಳು

ಮೈಮೇಲೆ ಕೂದಲು, ಮರಿಗೆ ಹಾಲು, ಇವೆರಡೂ ಇರುವ ಪ್ರಾಣಿಗಳೇ ಸಸ್ತನಿಗಳು. ಇಂದು ಬದುಕಿರುವ ಸುಮಾರು ೬,೫೦೦ ಪ್ರಭೇದಗಳು ಮೂರು ಕವಲುಗಳಾಗಿ ಒಡೆದುಕೊಂಡಿವೆ. ಮೊದಲನೆಯ ಕವಲಿನವು ಮೊಟ್ಟೆಯಿಡುತ್ತವೆ. ಪ್ಲಾಟಿಪಸ್ ಒಂದು, ಎಕಿಡ್ನಗಳು ನಾಲ್ಕು, ಒಟ್ಟು ೫ ಪ್ರಭೇದಗಳು ಮಾತ್ರ ಇದರಲ್ಲಿ ಉಳಿದಿವೆ.

ಮೂರನೆಯ ಕವಲಿನವನ್ನು ಜರಾಯುಸ್ತನಿಗಳೆನ್ನುತ್ತಾರೆ. ಜರಾಯುವೆಂದರೆ ನಮ್ಮ ಆಡುಮಾತಿನ ಮಾಸು. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಹಳ್ಳಿಯವರೆಲ್ಲ ನೋಡಿರುತ್ತಾರೆ. ಅದನ್ನು ಆಲದಂಥ ಹಾಲುಮರಕ್ಕೆ ಕಟ್ಟುವ ವಾಡಿಕೆ ಕೆಲವೆಡೆ ಉಂಟು. ಗರ್ಭದಲ್ಲಿರುವ ಕರುವಿಗೆ ತಾಯಿಯ ರಕ್ತದಿಂದ ಆಹಾರವನ್ನೂ ಆಮ್ಲಜನಕವನ್ನೂ ತಿಂಗಳುಗಟ್ಟಲೆ ಒದಗಿಸುವ ಅಂಗ ಅದೇ. ಹೆಗ್ಗಣ, ಆನೆ, ಬಾವಲಿ, ತಿಮಿಂಗಿಲ, ಮನುಷ್ಯ, ಎಲ್ಲರೂ ಈ ಕವಲಿನವರು.

ಇವೆರಡರ ನಡುವೆ ಎಣಿಸಲಾಗುವ ಎರಡನೆಯ ಕವಲು ನಮ್ಮ ವಿಷಯ. ಇದರಲ್ಲಿ ಸುಮಾರು ೩೫೦ ಪ್ರಭೇದಗಳಿವೆ. ಮರಿ ಗರ್ಭದಲ್ಲಿ ಕೆಲವೇ ದಿನ ಇದ್ದು, ಅರೆಬೆಳೆದ ಸ್ಥಿತಿಯಲ್ಲಿ ಹೊರಬಂದು, ಉಳಿದ ಬೆಳವಣಿಗೆಯನ್ನೆಲ್ಲ ಮೊಲೆಗೆ ಕಚ್ಚಿಕೊಂಡು ಮುಗಿಸುತ್ತದೆ. ಎಷ್ಟೋ ಪ್ರಭೇದಗಳಲ್ಲಿ ಮೊಲೆಗಳ ಮೇಲೆ ಚರ್ಮದ ಚೀಲವೊಂದು ಇರುವುದರಿಂದ, ಹಣದ ಚೀಲ ಎಂಬರ್ಥದ ಲ್ಯಾಟಿನ್ ಪದವನ್ನು ಹಿಡಿದು ಇವಕ್ಕೆ ‘ಮಾರ್ಸೂಪಿಯಲ್’ ಎಂದು ಹೆಸರಾಯಿತು. ಅಡಿಕೆಯ ನಾಡಾದ ಮಲೆನಾಡಿನಲ್ಲಿ ಎಲೆಯಡಿಕೆಯ ಸಂಚಿಯನ್ನು ಬಲ್ಲ ವಾಚಕರಿಗೆ ‘ಸಂಚಿಸ್ತನಿ’ ಎಂದರೆ ಸಾಕು, ಅರ್ಥವಾಗುತ್ತದೆ.

ಯುರೋಪಿನವರು ಈ ಪ್ರಾಣಿಗಳನ್ನು ಮೊದಲು ಅರಿತದ್ದು ಅಮೆರಿಕದಲ್ಲಿ. ೧೫೦೦ರಲ್ಲಿ ಪಿನ್ಸೋನ್ ಎಂಬ ಸ್ಪೇನಿನ ನಾವಿಕನು ಬ್ರೆಜಿಲಿನ ತೀರದಲ್ಲಿ ಒಪೋಸಮ್ ಎಂಬ ಪ್ರಾಣಿಯನ್ನು ಹಿಡಿಸಿ ತನ್ನ ದೊರೆಗೆ ಒಪ್ಪಿಸಿದನು. ೧೬೨೯ರಲ್ಲಿ ಆಸ್ಟ್ರೇಲಿಯದ ಪಶ್ಚಿಮದ ದ್ವೀಪಗಳಲ್ಲಿ ಹಡಗೊಡೆದು ಸಿಲುಕಿದ ಡಚ್ಚರ ಪೆಲ್ಸಾರ್ಟನು ವಾಲಬಿಯ ಸಂಚಿಯೊಳಗೆ ಮೊಲೆಗೆ ಅಂಟಿಕೊಂಡ ಹುರುಳಿಕಾಳಿನಂಥ ಮರಿಯನ್ನು ಕಂಡು, ಮರಿ ಮೊಲೆಯಿಂದಲೇ ಮೊಳೆಯುತ್ತದೆಂದು ಬಗೆದನು. ೧೭೭೦ರಲ್ಲಿ ಕುಕ್ಕನ ಹಡಗಿನವರು ‘ಕಾಂಗರೂ’ ಎಂಬ ಹೆಸರನ್ನು ಬರೆದುಕೊಂಡರು. ಆ ಮಾತಿಗೆ ‘ನನಗೆ ಗೊತ್ತಿಲ್ಲ’ ಎಂದರ್ಥವೆಂಬ ಕಥೆ ಎಲ್ಲೆಡೆ ಹಬ್ಬಿದೆ; ಅದು ಬರಿಯ ಕಟ್ಟುಕಥೆ. ಗುಗು ಯಿಮಿದಿರ್ ಭಾಷೆಯಲ್ಲಿ ‘ಗಂಗುರು’ ಒಂದು ಬಗೆಯ ಕಾಂಗರೂವಿನ ಹೆಸರೇ.

೧೮೮೦ರಲ್ಲಿ ಹಕ್ಸ್ಲಿಯು ಈ ಮೂರು ಕವಲುಗಳನ್ನು ಮೂರು ಮೆಟ್ಟಿಲುಗಳಂತೆ ಜೋಡಿಸಿದನು: ಕೆಳಗೆ ಮೊಟ್ಟೆಯಿಡುವವು, ನಡುವೆ ಸಂಚಿಸ್ತನಿಗಳು, ಮೇಲೆ ಜರಾಯುಸ್ತನಿಗಳು. ಏಣಿಯ ಈ ಚಿತ್ರ ಮನಸ್ಸಿಗೆ ಸುಲಭವಾದುದರಿಂದ ಬಹುಕಾಲ ಉಳಿಯಿತು. ಆದರೆ ಪಳೆಯುಳಿಕೆಗಳೂ ವಂಶವಾಹಿಗಳ ಅಧ್ಯಯನವೂ ಹೇಳುವುದು ಬೇರೆ. ಸಂಚಿಸ್ತನಿಗಳ ವಂಶವೂ ಜರಾಯುಸ್ತನಿಗಳ ವಂಶವೂ ಸುಮಾರು ೧೬ ಕೋಟಿ ವರ್ಷಗಳ ಹಿಂದೆ ಒಂದೇ ಕಾಂಡದಿಂದ ಕವಲೊಡೆದವು. ಒಂದು ಇನ್ನೊಂದರ ತಾಯಿಯಲ್ಲ. ಇವೆರಡೂ ಒಡಹುಟ್ಟಿದವು, ಸಮವಯಸ್ಕ.

ಜನನ ಮತ್ತು ಪೋಷಣೆ

ಆನೆಯ ಗರ್ಭ ೨೨ ತಿಂಗಳಿನದು; ಹಸುವಿನದು ೯ ತಿಂಗಳಿಗೆ ಮೇಲೆ. ಕೆಂಪು ಕಾಂಗರೂವಿನ ಗರ್ಭ ೩೩ ದಿನ ಮಾತ್ರ. ಉತ್ತರ ಅಮೆರಿಕದ ಒಪೋಸಮಿನದು ೧೩ ದಿನ. ಕಾಂಗರೂವಿನ ನವಜಾತ ಶಿಶುವಿನ ತೂಕ ಒಂದು ಗ್ರಾಮಿಗೂ ಕಡಿಮೆ. ಸುಮಾರು ೨೫ ಕಿಲೋಗ್ರಾಮಿನ ತಾಯಿಯ ಮುಂದೆ ಅದು ೩೦,೦೦೦ದಲ್ಲಿ ಒಂದು ಪಾಲು. ಕಣ್ಣು ತೆರೆದಿರುವುದಿಲ್ಲ, ಕಿವಿ ಮೂಡಿರುವುದಿಲ್ಲ, ಹಿಂಗಾಲುಗಳು ಬರಿಯ ಮೊಗ್ಗುಗಳು. ಆದರೆ ಮುಂಗಾಲುಗಳೂ ಬಾಯಿಯೂ ಆಶ್ಚರ್ಯಕರವಾಗಿ ಬಲಿತಿರುತ್ತವೆ. ಈ ಜೀವಾಣು ತಾಯಿಯ ನೆರವಿಲ್ಲದೆ, ಕೂದಲನ್ನು ಹಿಡಿಹಿಡಿದು, ಕೆಲವೇ ನಿಮಿಷಗಳಲ್ಲಿ ಹೊಟ್ಟೆಯ ಮೇಲೆ ತೆವಳಿ ಸಂಚಿಯನ್ನು ಸೇರುತ್ತದೆ. ಮೊಲೆಯೊಂದನ್ನು ಬಾಯಿಗೆ ತೆಗೆದುಕೊಂಡೊಡನೆ ಮೊಲೆಯ ತುದಿ ಬಾಯೊಳಗೆ ಊದಿಕೊಂಡು ಬಿಡಿಸಲಾಗದಂತೆ ಕೂರುತ್ತದೆ.

ನಮ್ಮ ವೇದಾಂತಿಗಳು ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯ ಎಂದು ಎರಡನ್ನು ಹೇಳುತ್ತಾರೆ. ಕೋತಿಯ ಮರಿ ತಾನೇ ತಾಯಿಯನ್ನು ಅವುಚಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಸಂಚಿಸ್ತನಿಯ ಮರಿ ಬದುಕಿನ ಮೊದಲ ನಿಮಿಷಗಳಲ್ಲಿ ಮರ್ಕಟನ್ಯಾಯವನ್ನೂ, ಮುಂದಿನ ತಿಂಗಳುಗಳಲ್ಲಿ ಮಾರ್ಜಾಲನ್ಯಾಯವನ್ನೂ ಅನುಸರಿಸುತ್ತದೆ ಎನ್ನಬಹುದು. ಕೆಂಪು ಕಾಂಗರೂವಿನ ಮರಿ ಸಂಚಿಯನ್ನು ಪೂರ್ತಿಯಾಗಿ ಬಿಡುವುದು ಸುಮಾರು ೮ ತಿಂಗಳಿಗೆ. ಹಾಲು ಬಿಡುವುದು ವರ್ಷ ತುಂಬುವ ಹೊತ್ತಿಗೆ.

ಸಂಚಿಸ್ತನಿಗಳಿಗೆ ಮಾಸೇ ಇಲ್ಲವೆಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಅವಕ್ಕೂ ಮಾಸು ಉಂಟು. ಅದು ಅಲ್ಪಕಾಲದ್ದು, ಬಹುಪಾಲು ಪ್ರಭೇದಗಳಲ್ಲಿ ಅಂಡದ ಭಂಡಾರಕೋಶದಿಂದ ಆದದ್ದು. ಜರಾಯುಸ್ತನಿಯ ಮಾಸು ಮಾಡುವ ಕೆಲಸದ ಬಹುಭಾಗವನ್ನು ಇಲ್ಲಿ ಹಾಲು ಮಾಡುತ್ತದೆ. ಮರಿ ಬೆಳೆದಂತೆಲ್ಲ ಹಾಲಿನ ಸಕ್ಕರೆ, ಕೊಬ್ಬು, ಸಸಾರಜನಕಗಳ ಪ್ರಮಾಣ ಬದಲಾಗುತ್ತ ಹೋಗುತ್ತದೆ. ಸಂಚಿಯಲ್ಲಿ ಹಸುಗೂಸೊಂದು, ಹೊರಗೆ ಓಡಾಡುವ ಮರಿಯೊಂದು ಇದ್ದಾಗ, ಒಂದೇ ತಾಯಿ ಪಕ್ಕಪಕ್ಕದ ಎರಡು ಮೊಲೆಗಳಲ್ಲಿ ಎರಡು ಬಗೆಯ ಹಾಲನ್ನು ಒಮ್ಮೆಗೇ ಇಳಿಸುತ್ತದೆ! ಅರೆಬರೆ ವಿಕಾಸಗೊಂಡ ಪ್ರಾಣಿಯ ಕೆಲಸವೆಂದು ಇದನ್ನು ಹೇಗೆ ಹೇಳುವುದು?

ಎಲುಬಿನಲ್ಲಿ ಬರೆದ ಗುರುತು

ಸಂಚಿಯೊಂದನ್ನೇ ಗುರುತಾಗಿ ಹಿಡಿದರೆ ಮೋಸಹೋಗುತ್ತೇವೆ. ಆಸ್ಟ್ರೇಲಿಯದ ನಂಬ್ಯಾಟಿಗೂ ದಕ್ಷಿಣ ಅಮೆರಿಕದ ಹಲವು ಒಪೋಸಮುಗಳಿಗೂ ಸಂಚಿಯಿಲ್ಲ. ನೆಲ ತೋಡುವ ವೊಂಬ್ಯಾಟಿಗೆ ಸಂಚಿಯ ಬಾಯಿ ಹಿಂದಕ್ಕೆ ತೆರೆದಿದೆ; ಆದುದರಿಂದ ತೋಡುವಾಗ ಮಣ್ಣು ಮರಿಯ ಮೇಲೆ ಬೀಳುವುದಿಲ್ಲ.

ಆದುದರಿಂದ ಪ್ರಾಣಿಶಾಸ್ತ್ರಜ್ಞರು ಒಳಗಿನ ಲಕ್ಷಣಗಳನ್ನು ನೋಡುತ್ತಾರೆ. ಹೆಣ್ಣಿಗೆ ಎರಡು ಗರ್ಭಕೋಶಗಳು, ಎರಡು ಪಕ್ಕದ ನಾಳಗಳು. ಹೆರಿಗೆಗೆ ನಡುವೆ ಮೂರನೆಯದೊಂದು ದಾರಿ. ಲಿನೀಯಸನು ೧೭೫೮ರಲ್ಲಿ ಒಪೋಸಮಿಗೆ ಇಟ್ಟ ‘ಡೈಡೆಲ್ಫಿಸ್’ ಎಂಬ ಹೆಸರಿಗೆ ಎರಡು ಗರ್ಭದ್ದು ಎಂದೇ ಅರ್ಥ. ಜರಾಯುಸ್ತನಿಯ ಮೂಲ ದಂತಪಂಕ್ತಿಯಲ್ಲಿ ದವಡೆಯ ಪ್ರತಿ ಪಕ್ಕಕ್ಕೆ ಮೂರು ಹಿಂದವಡೆ ಹಲ್ಲುಗಳಾದರೆ ಸಂಚಿಸ್ತನಿಗೆ ನಾಲ್ಕು. ಹಾಲುಹಲ್ಲು ಬಿದ್ದು ಹೊಸದು ಬರುವುದು ಪ್ರತಿ ಪಕ್ಕಕ್ಕೆ ಒಂದೇ ಒಂದು. ಕೆಳದವಡೆಯ ಹಿಂದಣ ಮೂಲೆ ಸಾಮಾನ್ಯವಾಗಿ ಒಳಕ್ಕೆ ಬಾಗಿರುತ್ತದೆ. ಮಿದುಳಿನ ಎಡಬಲ ಗೋಳಾರ್ಧಗಳನ್ನು ಬೆಸೆಯುವ, ನಮ್ಮಲ್ಲಿರುವ ದಪ್ಪ ನರಪಟ್ಟಿ ಅವುಗಳಲ್ಲಿಲ್ಲ. ಬೇರೊಂದು ಮಾರ್ಗದ ನರತಂತುಗಳು ಆ ಸಂಪರ್ಕವನ್ನು ನಡೆಸುತ್ತವೆ. ಕಿಬ್ಬೊಟ್ಟೆಯಲ್ಲಿ ಮುಂದಕ್ಕೆ ಚಾಚಿದ ಎರಡು ಎಲುಬುಗಳಿವೆ. ಅವು ಸಂಚಿಯನ್ನು ಹೊರಲಿಕ್ಕೆ ಇವೆಯೆಂದು ಹಿಂದೆ ನಂಬಿದ್ದರು; ಗಂಡಿನಲ್ಲಿಯೂ, ಮೊಟ್ಟೆಯಿಡುವ ಸ್ತನಿಗಳಲ್ಲಿಯೂ, ಪುರಾತನ ಜರಾಯುವಂಶದ ಪಳೆಯುಳಿಕೆಗಳಲ್ಲಿಯೂ ಅವು ಕಂಡುಬಂದುದರಿಂದ ಆ ವಿವರಣೆ ನಿಲ್ಲಲಿಲ್ಲ.

ಶಕ್ತಿಯ ಜಮಾಖರ್ಚು

ಭೌತವಿಜ್ಞಾನವನ್ನು ಬೋಧಿಸುವ ನಮ್ಮಂಥವರಿಗೆ ಈ ಪ್ರಾಣಿಗಳಲ್ಲಿ ಹೆಚ್ಚು ಸ್ವಾರಸ್ಯವೆನಿಸುವುದು ಅವುಗಳ ಶಕ್ತಿಯ ಲೆಕ್ಕ. ಸಂಚಿಸ್ತನಿಯ ದೇಹದ ಉಷ್ಣತೆ ಸುಮಾರು ೩೫ ಡಿಗ್ರಿ ಸೆಂಟಿಗ್ರೇಡ್. ಸುಮ್ಮನೆ ಕುಳಿತಿರುವಾಗ ಅದು ವ್ಯಯಿಸುವ ಶಕ್ತಿ, ಅಷ್ಟೇ ತೂಕದ ಜರಾಯುಸ್ತನಿಯದರ ಸುಮಾರು ನೂರಕ್ಕೆ ಎಪ್ಪತ್ತು. ಮೇವೂ ನೀರೂ ವಿರಳವಾದ ನಾಡಿನಲ್ಲಿ ಇದು ಕೊರತೆಯಲ್ಲ, ಉಳಿತಾಯ.

ಕಾಂಗರೂವಿನ ನೆಗೆತವನ್ನು ನೋಡಿರಿ. ನಾವು ಓಡುವ ವೇಗ ಹೆಚ್ಚಿದಂತೆ ಬೇಕಾಗುವ ಆಮ್ಲಜನಕವೂ ಹೆಚ್ಚುತ್ತದೆ. ೧೯೭೩ರಲ್ಲಿ ಡಾಸನ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಕೆಂಪು ಕಾಂಗರೂಗಳನ್ನು ಚಲಿಸುವ ಪಟ್ಟಿಯ ಮೇಲೆ ನೆಗೆಯಿಸಿ ಅಳೆದರು. ಒಮ್ಮೆ ನೆಗೆತ ಆರಂಭವಾದ ಮೇಲೆ, ವೇಗ ಗಂಟೆಗೆ ೨೦ ಕಿಲೋಮೀಟರು ದಾಟಿದರೂ ಆಮ್ಲಜನಕದ ಖರ್ಚು ಹೆಚ್ಚಲಿಲ್ಲ! ಇದಕ್ಕೆ ಮುಖ್ಯ ಕಾರಣ ಹಿಂಗಾಲಿನ ಉದ್ದವಾದ ಸ್ನಾಯುರಜ್ಜುಗಳು. ನೆಲಕ್ಕೆ ಇಳಿಯುವಾಗ ಅವು ಸ್ಪ್ರಿಂಗಿನಂತೆ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಂಡು, ಮೇಲೇಳುವಾಗ ಹಿಂದಕ್ಕೆ ಕೊಡುತ್ತವೆ. ನಿಧಾನವಾಗಿ ಮೇಯುವಾಗ ಮಾತ್ರ ಕಾಂಗರೂ ಬಾಲವನ್ನು ಐದನೆಯ ಕಾಲಿನಂತೆ ಊರಿಕೊಂಡು ನಡೆಯುತ್ತದೆ. ಆ ನಡಿಗೆ ದುಬಾರಿಯದು.

ಸಂತಾನದ ವಿಷಯದಲ್ಲಿಯೂ ಇದೇ ಲೆಕ್ಕವನ್ನು ಹಾಕಬಹುದು. ಹಸು ತಿಂಗಳುಗಟ್ಟಲೆ ತನ್ನ ರಕ್ತವನ್ನು ಗರ್ಭಕ್ಕೆ ಎರೆಯುತ್ತದೆ. ಬರಗಾಲ ಬಂದರೂ ಹಿಂತಿರುಗುವ ದಾರಿ ಕಷ್ಟ. ಕಾಂಗರೂ ಗರ್ಭಕ್ಕೆ ಹಾಕುವ ಬಂಡವಾಳ ಗ್ರಾಮಿನ ಲೆಕ್ಕದ್ದು. ಮೇವು ತೀರಿದಾಗ ಹಾಲು ಬತ್ತಿ ಸಂಚಿಯ ಮರಿ ಸಾಯುತ್ತದೆ, ತಾಯಿ ಉಳಿಯುತ್ತದೆ. ಇಷ್ಟೇ ಅಲ್ಲ. ಸಂಚಿಯಲ್ಲಿ ಮರಿ ಹಾಲು ಕುಡಿಯುತ್ತಿರುವಾಗಲೇ ಗರ್ಭದಲ್ಲಿ ಇನ್ನೊಂದು ಭ್ರೂಣ ಬೆಳವಣಿಗೆಯನ್ನು ನಿಲ್ಲಿಸಿ ಕಾದಿರುತ್ತದೆ. ಸಂಚಿ ತೆರವಾಗುವ ಕಾಲಕ್ಕೆ ಅದು ಮತ್ತೆ ಬೆಳೆಯತೊಡಗುತ್ತದೆ. ಒಂದು ಮಾರ್ಗ ದೊಡ್ಡ ಬಂಡವಾಳದ ವ್ಯಾಪಾರ, ಇನ್ನೊಂದು ಕಂತಿನ ವ್ಯಾಪಾರ. ಮಾರುಕಟ್ಟೆಯ ಸ್ಥಿತಿಯನ್ನು ನೋಡದೆ ಯಾವುದು ಮೇಲೆಂದು ಹೇಳುವಂತಿಲ್ಲ.

ಏಳು ಗಣಗಳು

ಇಂದಿನ ಸಂಚಿಸ್ತನಿಗಳನ್ನು ಏಳು ಗಣಗಳಾಗಿ ವಿಂಗಡಿಸುತ್ತಾರೆ. ಅಮೆರಿಕದವು ಮೂರು. ಮೊದಲನೆಯದು ನೂರಕ್ಕೂ ಹೆಚ್ಚು ಪ್ರಭೇದಗಳ ಒಪೋಸಮ್ ಗಣ. ಎರಡನೆಯದು ಆಂಡಿಸ್ ಪರ್ವತಗಳಲ್ಲಿ ವಾಸಿಸುವ, ಮೂಗಿಲಿಯನ್ನು ಹೋಲುವ ಪ್ರಾಣಿಗಳ ಸಣ್ಣ ಗಣ. ಮೂರನೆಯದು ಚಿಲಿ ಮತ್ತು ಅರ್ಜೆಂಟೀನದ ತಂಪು ಕಾಡುಗಳ ‘ಮೋನಿಟೊ ಡೆಲ್ ಮೋಂಟೆ’, ಎಂದರೆ ಬೆಟ್ಟದ ಪುಟ್ಟ ಕೋತಿ. ಇಲಿಯಷ್ಟೇ ಗಾತ್ರದ ಈ ಪ್ರಾಣಿ ಇರುವುದು ಅಮೆರಿಕದಲ್ಲಾದರೂ ಇದರ ಹತ್ತಿರದ ನಂಟರು ಆಸ್ಟ್ರೇಲಿಯದಲ್ಲಿದ್ದಾರೆ.

ಆಸ್ಟ್ರೇಲಿಯ ಮತ್ತು ನ್ಯೂಗಿನಿಯ ಕಡೆಯವು ನಾಲ್ಕು. ಟ್ಯಾಸ್ಮೇನಿಯದ ಡೆವಿಲ್, ಕ್ವೋಲ್, ಗೆದ್ದಲು ತಿನ್ನುವ ನಂಬ್ಯಾಟ್ ಮುಂತಾದ ಮಾಂಸಾಹಾರಿ, ಕೀಟಾಹಾರಿಗಳದು ಒಂದು. ಮರಳಿನೊಳಗೆ ಈಜಿದಂತೆ ಸಾಗುವ ಎರಡೇ ಪ್ರಭೇದಗಳ ಕುರುಡು ಬಿಲಪ್ರಾಣಿಗಳದು ಇನ್ನೊಂದು. ಬ್ಯಾಂಡಿಕೂಟ್ ಮತ್ತು ಬಿಲ್ಬಿಗಳದು ಮೂರನೆಯದು. ಕಾಂಗರೂ, ವಾಲಬಿ, ಕೊವಾಲ, ವೊಂಬ್ಯಾಟ್, ಪೋಸಮ್ ಮತ್ತು ತೇಲುಪ್ರಾಣಿಗಳನ್ನು ಒಳಗೊಂಡ ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಕೆಳದವಡೆಯಿಂದ ಮುಂದಕ್ಕೆ ಚಾಚಿದ ಎರಡು ದೊಡ್ಡ ಬಾಚಿಹಲ್ಲುಗಳು ಇದರ ಮುಖ್ಯ ಗುರುತು.

ಮಲೆನಾಡಿನಲ್ಲಿ ಏಕಿಲ್ಲ?

ಇಷ್ಟು ಸಮೃದ್ಧವಾದ ಭದ್ರಾ, ಶರಾವತಿ ಕಣಿವೆಗಳ ಕಾಡಿನಲ್ಲಿ ಒಂದಾದರೂ ಸಂಚಿಸ್ತನಿ ಏಕಿಲ್ಲವೆಂಬ ಪ್ರಶ್ನೆಗೆ ಭೂಮಿಯ ಚರಿತ್ರೆ ಉತ್ತರ ಕೊಡುತ್ತದೆ. ಒಂದು ಕಾಲಕ್ಕೆ ಭಾರತ, ಆಸ್ಟ್ರೇಲಿಯ, ಅಂಟಾರ್ಕ್ಟಿಕ, ದಕ್ಷಿಣ ಅಮೆರಿಕ, ಆಫ್ರಿಕಗಳು ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದವು. ಭಾರತವು ಅಂಟಾರ್ಕ್ಟಿಕ ಮತ್ತು ಆಸ್ಟ್ರೇಲಿಯಗಳಿಂದ ಸುಮಾರು ೧೩ ಕೋಟಿ ವರ್ಷಗಳ ಹಿಂದೆ ಕಳಚಿಕೊಂಡಿತು. ಸಂಚಿವಂಶದ ಹಳೆಯ ಪಳೆಯುಳಿಕೆಗಳು ಸಿಗುವುದು ಉತ್ತರದ ಭೂಖಂಡಗಳಲ್ಲಿ. ಅಲ್ಲಿಂದ ಅವು ದಕ್ಷಿಣ ಅಮೆರಿಕಕ್ಕೆ ಇಳಿದು, ಆಗ ಹಿಮವಿಲ್ಲದೆ ಹಸಿರಾಗಿದ್ದ ಅಂಟಾರ್ಕ್ಟಿಕವನ್ನು ದಾಟಿ, ಆಸ್ಟ್ರೇಲಿಯವನ್ನು ತಲುಪಿದವು. ಅಂಟಾರ್ಕ್ಟಿಕದ ಸೀಮೋರ್ ದ್ವೀಪದಲ್ಲಿ ಸಿಕ್ಕಿದ ಸಂಚಿಸ್ತನಿಯ ಪಳೆಯುಳಿಕೆ ೧೯೮೨ರಲ್ಲಿ ಪ್ರಕಟವಾಗಿ ಈ ದಾರಿಗೆ ಸಾಕ್ಷಿ ನುಡಿಯಿತು. ಅವು ಆ ಸೇತುವೆಯನ್ನು ದಾಟುವ ವೇಳೆಗೆ ಭಾರತದ ದೋಣಿ ಬಹುದೂರ ಸಾಗಿಹೋಗಿತ್ತು.

ಶಿವಮೊಗ್ಗದ ಬಂಡೆಗಳಲ್ಲಿ ಸಸ್ತನಿಗಳ ಪಳೆಯುಳಿಕೆಯನ್ನು ಹುಡುಕಿ ಪ್ರಯೋಜನವಿಲ್ಲ. ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರನ್ನು ಕೊಟ್ಟ ಕೆಮ್ಮಣ್ಣುಗುಂಡಿಯ ಶಿಲೆಗಳಂತೆ ಇವೂ ೨೫೦ ಕೋಟಿ ವರ್ಷಗಳಿಗಿಂತ ಹಳೆಯವು. ಆಗ ಪ್ರಾಣಿಗಳೇ ಇರಲಿಲ್ಲ. ಆದರೆ ಉತ್ತರದ ಗೋಕಾಕದಲ್ಲಿ, ದಖನ್ನಿನ ಲಾವಾ ಪದರಗಳ ನಡುವಣ ಕೆಸರುಗಲ್ಲಿನಲ್ಲಿ, ಸುಮಾರು ೬.೬ ಕೋಟಿ ವರ್ಷಗಳ ಹಿಂದಿನ ಸಸ್ತನಿಯ ಹಲ್ಲು ಸಿಕ್ಕಿದೆ. ೨೦೦೭ರಲ್ಲಿ ಎರಡು ತಂಡದವರು ಆ ಪ್ರಾಣಿಗೆ ಬೇರೆಬೇರೆಯಾಗಿ ‘ಭಾರತಥೀರಿಯಂ’ ಎಂದೂ ‘ದಕ್ಷಿಣ’ ಎಂದೂ ಹೆಸರಿಟ್ಟರು. ಮೊದಲನೆಯ ಹೆಸರು ನಿಂತಿತು. ಅದು ಸಂಚಿಸ್ತನಿಯೂ ಅಲ್ಲ, ಜರಾಯುಸ್ತನಿಯೂ ಅಲ್ಲ; ಪೂರ್ಣವಾಗಿ ಅಳಿದುಹೋದ ನಾಲ್ಕನೆಯದೊಂದು ಕವಲಿನದು. ಸಸ್ತನಿಗಳ ಮರಕ್ಕೆ ಇಂದು ಕಾಣುವ ಮೂರೇ ಕೊಂಬೆಗಳಲ್ಲ, ಮುರಿದು ಬಿದ್ದವು ಇನ್ನೂ ಇವೆಯೆಂಬುದಕ್ಕೆ ಕನ್ನಡನಾಡಿನ ಸಾಕ್ಷ್ಯ ಇದು.

ಒಂದೇ ಕಸುಬು, ಎರಡು ವಂಶ

ಸಂಚಿಸ್ತನಿಗಳು ನಮ್ಮಲ್ಲಿಲ್ಲದಿದ್ದರೂ ಅವು ಮಾಡುವ ಕೆಲಸಗಳನ್ನು ಮಾಡುವವು ನಮ್ಮಲ್ಲಿ ಉಂಟು. ಮಲೆನಾಡಿನವರು ಹಾರುಬೆಕ್ಕೆಂದು ಕರೆಯುವ ದೊಡ್ಡ ಹಾರುವ ಅಳಿಲು ಮುಂಗಾಲು ಹಿಂಗಾಲುಗಳ ನಡುವಣ ಚರ್ಮವನ್ನು ಹರಡಿ ಇರುಳಿನಲ್ಲಿ ಮರದಿಂದ ಮರಕ್ಕೆ ತೇಲುತ್ತದೆ. ಆಸ್ಟ್ರೇಲಿಯದ ಸಕ್ಕರೆ ತೇಲುಪೋಸಮ್ ಅದೇ ವಿದ್ಯೆಯನ್ನು ತಾನಾಗಿ ಕಂಡುಕೊಂಡಿದೆ. ಅಳಿಲಿನ ಚರ್ಮವನ್ನು ಮಣಿಕಟ್ಟಿನಿಂದ ಹೊರಟ ಮೆಲ್ಲೆಲುಬಿನ ಕಡ್ಡಿ ಬಿಗಿಹಿಡಿದರೆ, ತೇಲುಪೋಸಮಿನದು ಕಿರುಬೆರಳಿನಿಂದಲೇ ಆರಂಭವಾಗುತ್ತದೆ. ಒಂದರ ಶಾಸ್ತ್ರೀಯ ನಾಮ ಪೆಟಾರಿಸ್ಟ, ಇನ್ನೊಂದರದು ಪೆಟಾರಸ್. ಎರಡಕ್ಕೂ ಹಗ್ಗದ ಮೇಲೆ ಆಡುವ ದೊಂಬರಾಟದವನೆಂಬ ಅರ್ಥವೇ ಮೂಲ.

ಭದ್ರಾ ಅರಣ್ಯದ ಸೀಳುನಾಯಿಗೆ ಜೋಡಿಯಾಗಿ ಟ್ಯಾಸ್ಮೇನಿಯದಲ್ಲಿ ಥೈಲಸೀನ್ ಇತ್ತು. ಬೆನ್ನ ಮೇಲೆ ಹುಲಿಯಂತೆ ಪಟ್ಟೆ, ತಲೆ ನಾಯಿಯದು, ಹೊಟ್ಟೆಯಲ್ಲಿ ಹಿಂದಕ್ಕೆ ತೆರೆದ ಸಂಚಿ. ಅದರ ತಲೆಬುರುಡೆ ನಾಯಿಯದನ್ನು ಎಷ್ಟು ಹೋಲುತ್ತದೆಯೆಂದರೆ ಅಂಗುಳಿನ ಎರಡು ರಂಧ್ರಗಳನ್ನೂ ನಾಲ್ಕು ಹಿಂದವಡೆ ಹಲ್ಲುಗಳನ್ನೂ ನೋಡಿಯೇ ಬೇರೆಯೆಂದು ತಿಳಿಯಬೇಕು. ಕುರಿಗಳನ್ನು ತಿನ್ನುತ್ತದೆಂದು ಅಲ್ಲಿನ ಸರ್ಕಾರ ೧೮೮೮ರಿಂದ ೧೯೦೯ರವರೆಗೆ ತಲೆಗೊಂದು ಪೌಂಡಿನಂತೆ ೨,೧೮೪ ಬಹುಮಾನಗಳನ್ನು ಕೊಟ್ಟಿತು. ೧೯೩೬ರ ಜುಲೈ ತಿಂಗಳಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ದೊರಕಿತು. ಸೆಪ್ಟೆಂಬರ್ ೭ರಂದು ಹೋಬಾರ್ಟಿನ ಮೃಗಾಲಯದಲ್ಲಿ ಕೊನೆಯದು ಸತ್ತಿತು. ನಮ್ಮ ಸೀಳುನಾಯಿಯ ತಲೆಗೂ ಬ್ರಿಟಿಷರ ಕಾಲದಲ್ಲಿ ಬಹುಮಾನವಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಬರುವ ಹೊತ್ತಿಗೆ ಅದು ಇನ್ನೂ ಉಳಿದಿತ್ತು, ಅಷ್ಟೆ ಭೇದ.

ಕೀಳೆಂಬ ವಾದಕ್ಕೆ ಇನ್ನೊಂದು ಉತ್ತರ ಉತ್ತರ ಅಮೆರಿಕದಲ್ಲಿದೆ. ಜರಾಯುಸ್ತನಿಗಳಿಂದ ತುಂಬಿದ ಆ ಖಂಡದಲ್ಲಿ ಒಪೋಸಮ್ ಹಿಂಜರಿಯದೆ ದಕ್ಷಿಣದಿಂದ ಕೆನಡದ ಗಡಿಯವರೆಗೂ ಹಬ್ಬಿದೆ.

ಮರ ಬಂದಿತು, ತಿನ್ನುವವರು ಬರಲಿಲ್ಲ

ಆಸ್ಟ್ರೇಲಿಯದಿಂದ ಸಂಚಿಸ್ತನಿಗಳು ನಮ್ಮಲ್ಲಿಗೆ ಬರಲಿಲ್ಲ. ಅವುಗಳ ಮರಗಳು ಬಂದವು. ನೀಲಗಿರಿಯೆಂದು ನಾವು ನಮ್ಮ ಬೆಟ್ಟದ ಹೆಸರಿನಿಂದ ಕರೆಯುವ ಮರ ಅಲ್ಲಿಯದು, ಅಕೇಶಿಯವೂ ಅಲ್ಲಿಯದೇ. ೧೯೩೬ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಗೆ ಮರದ ತಿರುಳನ್ನು ಒದಗಿಸಲೆಂದು, ೧೯೮೦ರಿಂದ ಗುತ್ತಿಗೆಗೆ ದೊರೆತ ಸುಮಾರು ೨೦,೦೦೦ ಹೆಕ್ಟೇರ್ ನೆಲದಲ್ಲಿ ಈ ಮರಗಳ ನೆಡುತೋಪುಗಳು ಎದ್ದವು.

ನೀಲಗಿರಿಯ ಎಲೆಯನ್ನು ನಮ್ಮ ದನ ಮೂಸಿ ಬಿಡುತ್ತದೆ. ಅದರಲ್ಲಿ ಪೋಷಕಾಂಶ ಕಡಿಮೆ. ಒಗರೂ ವಿಷವೂ ಹೆಚ್ಚು. ಅದನ್ನೇ ತಿಂದು ಬದುಕುವ ಕೊವಾಲಕ್ಕೆ ಸುಮಾರು ಎರಡು ಮೀಟರ್ ಉದ್ದದ ಅಂಧಾಂತ್ರವಿದೆ. ಅದರೊಳಗಿನ ಸೂಕ್ಷ್ಮಜೀವಿಗಳು ಎಲೆಯನ್ನು ಜೀರ್ಣಿಸಲು ನೆರವಾಗುತ್ತವೆ. ಹಾಲು ಬಿಡುವ ಕಾಲದಲ್ಲಿ ಮರಿಯು ತಾಯಿಯ ಮೃದುವಾದ ಮಲವನ್ನು ತಿಂದು ಆ ಸೂಕ್ಷ್ಮಜೀವಿಗಳನ್ನು ಪಡೆಯುತ್ತದೆ. ಶಕ್ತಿ ಸಾಲದಾದುದರಿಂದ ದಿನದಲ್ಲಿ ಸುಮಾರು ಇಪ್ಪತ್ತು ಗಂಟೆ ನಿದ್ರಿಸುತ್ತದೆ. ಮರಕ್ಕೆ ತಿನ್ನುವವನು, ತಿನ್ನುವವನಿಗೆ ಸೂಕ್ಷ್ಮಜೀವಿ, ಹೀಗೆ ಲಕ್ಷಾಂತರ ವರ್ಷಗಳಲ್ಲಿ ನೆಯ್ದ ಬಟ್ಟೆಯಿಂದ ಒಂದೇ ಎಳೆಯನ್ನು ಕಿತ್ತು ತಂದು ನಾವು ಮಲೆನಾಡಿನಲ್ಲಿ ನೆಟ್ಟೆವು. ತೋಪು ಹಸಿರಾಗಿ ಕಾಣುತ್ತದೆ. ಆದರೆ ಅಲ್ಲಿ ಹಾರುಬೆಕ್ಕಿಗೆ ಹಣ್ಣಿಲ್ಲ, ಪೊಟರೆಯಿಲ್ಲ. ೨೦೧೭ರಲ್ಲಿ ರಾಜ್ಯಸರ್ಕಾರ ನೀಲಗಿರಿ ನೆಡುವುದನ್ನು ನಿ‍ಷೇಧಿಸಿತು. ೨೦೨೦ರಲ್ಲಿ ನೆಡುತೋಪುಗಳ ಗುತ್ತಿಗೆಯ ಅವಧಿ ಮುಗಿದಾಗ ಆ ನೆಲ ಮತ್ತೆ ಸಹಜಾರಣ್ಯವಾಗಬೇಕೆಂಬ ಕೂಗು ಶಿವಮೊಗ್ಗ ಜಿಲ್ಲೆಯಲ್ಲಿ ಎದ್ದಿತು. ಅತ್ತ ತನ್ನ ಸ್ವಂತ ಮರಗಳನ್ನು ಕಳೆದುಕೊಳ್ಳುತ್ತಿರುವ ಕೊವಾಲವನ್ನು ೨೦೨೨ರಲ್ಲಿ ಆಸ್ಟ್ರೇಲಿಯದ ಪೂರ್ವಭಾಗದಲ್ಲಿ ಅಪಾಯಕ್ಕೊಳಗಾದ ಪ್ರಾಣಿಯೆಂದು ಘೋಷಿಸಲಾಯಿತು.

ವರ್ಗೀಕರಣವೆಂದರೆ ಹೆಸರುಗಳ ಪಟ್ಟಿ ಮಾತ್ರವೆಂದು ವಿದ್ಯಾರ್ಥಿಗಳು ಬೇಸರಪಡುವುದುಂಟು. ಯಾವ ಜೀವಿ ಯಾವ ವಂಶದ್ದು, ಯಾವ ದಾರಿಯಿಂದ ಬಂದಿತು, ಯಾರೊಡನೆ ಬಾಳಿತು ಎಂಬುದನ್ನು ಹೇಳುವ ಚರಿತ್ರೆಯೇ ನಿಜವಾದ ವರ್ಗೀಕರಣ. ಅದನ್ನು ಮೇಲುಕೀಳಿನ ಏಣಿಯಾಗಿ ಓದಿದವರಿಗೆ ಸಂಚಿಸ್ತನಿಯು ಮುಗಿಯದ ಪ್ರಯತ್ನದಂತೆ ಕಾಣುತ್ತದೆ. ಕವಲೊಡೆದ ಮರವಾಗಿ ಓದಿದವರಿಗೆ, ಮರಿಯನ್ನು ಬದುಕಿಸುವ ಒಂದೇ ಸಮಸ್ಯೆಗೆ ಪ್ರಕೃತಿ ಬರೆದ ಎರಡು ಉತ್ತರಗಳು ಕಾಣುತ್ತವೆ, ಎರಡೂ ಸರಿಯಾದವು.